ಮಗು ಮಲಗಿದ 20 ನಿಮಿಷದಲ್ಲಿ ಕುಂಚ ಹಿಡಿಯುವುದು ಹೇಗೆ?

ಮಗು ಈಗಷ್ಟೇ ನಿದ್ದೆಗೆ ಜಾರಿದೆ. ಮೆಲ್ಲನೆ ಕೈ ಬಿಡಿಸಿಕೊಂಡು ಎದ್ದು ಬರುತ್ತೀರಿ. ಬಣ್ಣದ ಡಬ್ಬಿ ತೆಗೆಯಬೇಕು, ಕಾಗದ ಹುಡುಕಬೇಕು, ಮೇಜು ಖಾಲಿ ಮಾಡಬೇಕು. ಹೋದ ವಾರ ಎಲ್ಲಿಗೆ ನಿಲ್ಲಿಸಿದ್ದೆ ಅಂತ ನೆನಪು ಮಾಡಿಕೊಳ್ಳಬೇಕು. ಅಷ್ಟರಲ್ಲಿ ಒಳಗಿನಿಂದ ಅಳು ಕೇಳಿಸುತ್ತದೆ.

ನನ್ನ ಮೊದಲ ಮಗು ಹುಟ್ಟಿದ ಮೇಲೆ ಸುಮಾರು ಒಂದು ವರ್ಷ ಹೀಗೇ ಕಳೆಯಿತು. ಸಮಯವೇ ಇಲ್ಲ ಅಂದುಕೊಂಡಿದ್ದೆ. ಸಿಕ್ಕ ಸಮಯವೆಲ್ಲ ಶುರು ಮಾಡುವುದಕ್ಕೇ ಖರ್ಚಾಗುತ್ತಿದೆ ಎಂದು ತಡವಾಗಿ ಗೊತ್ತಾಯಿತು. ಕೂತ ಒಂದು ನಿಮಿಷದೊಳಗೆ ಕೈ ಕೆಲಸಕ್ಕೆ ಇಳಿಯುವಂತಿದ್ದರೆ 20 ನಿಮಿಷವೂ ದೊಡ್ಡದೇ. ಅದಕ್ಕೆ ತಯಾರಿ ಹೇಗೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ವಾರ ಬರೆದಿಡಿ

ಮಗು ಯಾವಾಗ ಮಲಗುತ್ತದೆ, ಎಷ್ಟು ಹೊತ್ತು ಮಲಗುತ್ತದೆ, ಯಾವಾಗ ತನ್ನಷ್ಟಕ್ಕೆ ಆಡಿಕೊಂಡಿರುತ್ತದೆ? ಒಂದು ವಾರ ಬೇರೇನೂ ಬದಲಿಸದೆ ಇಷ್ಟನ್ನು ಮಾತ್ರ ಬರೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 4ರಿಂದ 11 ತಿಂಗಳ ಮಗುವಿಗೆ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಹಗಲು ನಿದ್ದೆಯೂ ಇದರಲ್ಲಿ ಸೇರಿದೆ. ಕೇಳುವುದಕ್ಕೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಸಿಗುವುದು ತುಂಡು ತುಂಡಾಗಿ. ನಿಮ್ಮ ನಿದ್ದೆಯೂ ಅದರೊಳಗೇ ಆಗಬೇಕು.

ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಎರಡು ಹಗಲು ನಿದ್ದೆ ಒಂದಾಗುತ್ತದೆ. 3ರಿಂದ 5 ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಅದೂ ನಿಲ್ಲುತ್ತದೆ. ಹಾಗಾಗಿ ಇವತ್ತು ಸರಿಹೊಂದಿದ ಸಮಯ ಕೆಲವು ತಿಂಗಳಲ್ಲಿ ಕೈತಪ್ಪಬಹುದು. ಆಗ ಮತ್ತೊಂದು ವಾರ ಬರೆದು ನೋಡಿ. ಹೆರಿಗೆಯಾದ ಮೊದಲ ವಾರಗಳಲ್ಲಿ ಮಾತ್ರ ಈ ಲೆಕ್ಕವೇ ಬೇಡ. ಮಗು ಮಲಗಿದಾಗ ನೀವೂ ಮಲಗಿ.

ಅರ್ಧಕ್ಕೆ ಬಿಟ್ಟರೂ ಕೆಡದ ಮಾಧ್ಯಮ

ಎಲ್ಲಕ್ಕಿಂತ ಮುಖ್ಯವಾದ ಆಯ್ಕೆ ಇದು. ಅಮೆರಿಕದ ಶಿಲ್ಪಿ ರೂತ್ ಅಸಾವಾ ಅವರಿಗೆ 6 ಮಕ್ಕಳು. ಅವರು 1947ರಲ್ಲಿ ಮೆಕ್ಸಿಕೋದಲ್ಲಿ ತಂತಿಯ ಬುಟ್ಟಿ ಹೆಣೆಯುವುದನ್ನು ಕಲಿತು, ಮುಂದೆ ಅದೇ ಕುಣಿಕೆಯಿಂದ ಶಿಲ್ಪಗಳನ್ನು ಮಾಡಿದರು. ಮಕ್ಕಳು ಸುತ್ತ ಆಡುತ್ತಿದ್ದರೆ ಇವರು ಮನೆಯಲ್ಲೇ ಕೂತು ಹೆಣೆಯುತ್ತಿದ್ದರು. ತಂತಿಯ ಗುಣ ನೋಡಿ. ಯಾವ ಕುಣಿಕೆಗೆ ನಿಲ್ಲಿಸಿ ಎದ್ದುಹೋದರೂ ಅದು ಒಣಗುವುದಿಲ್ಲ, ಕಲೆಯಾಗುವುದಿಲ್ಲ. ವಾಪಸ್ ಬಂದು ಮುಂದಿನ ಕುಣಿಕೆ ಹಾಕಿದರಾಯಿತು.

ನಿಮ್ಮ ಮಾಧ್ಯಮವನ್ನೂ ಹೀಗೇ ಪರೀಕ್ಷಿಸಿ: ಈ ಕ್ಷಣ ಎದ್ದುಹೋದರೆ ಏನು ಹಾಳಾಗುತ್ತದೆ?

ಬಣ್ಣ ಕಲೆಸುವ ಪ್ಯಾಲೆಟ್ ಮೇಲೆ ಜಲವರ್ಣ ಒಣಗಿದರೂ ಒದ್ದೆ ಕುಂಚ ತಾಗಿಸಿದರೆ ಮತ್ತೆ ಕರಗುತ್ತದೆ. ಆದರೆ ಕಾಗದದ ಮೇಲೆ ಬಣ್ಣ ಹರಡುತ್ತಿರುವಾಗ ನಡುವೆ ಬಿಟ್ಟು ಎದ್ದರೆ ಒಣಗಿದ ಅಂಚು ಗೆರೆಯಾಗಿ ಉಳಿಯುತ್ತದೆ. ಅದಕ್ಕೇ ನಾನು ರೇಖೆ ಮತ್ತು ಸಣ್ಣ ವಿವರಗಳನ್ನು ಹಗಲಿನ ಚೂರು ಸಮಯಕ್ಕೆ ಇಟ್ಟುಕೊಂಡೆ. ಆಕಾಶ, ನೀರು ಇಂಥ ದೊಡ್ಡ ಜಾಗಗಳಿಗೆ ರಾತ್ರಿ ಮಗು ಗಟ್ಟಿಯಾಗಿ ಮಲಗುವವರೆಗೂ ಕಾಯುತ್ತೇನೆ.

ಅಕ್ರಿಲಿಕ್ ಬಣ್ಣ ಒಣಗಿದರೆ ನೀರಿಗೆ ಕರಗುವುದಿಲ್ಲ. ಮುಚ್ಚಳವಿರುವ ಚಪ್ಪಟೆ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲೆಸಿ. ಮುಚ್ಚಿಟ್ಟರೆ ಕೆಲವು ದಿನ ಹಸಿಯಾಗಿಯೇ ಇರುತ್ತದೆ. ಜೇಡಿಮಣ್ಣಿನ ಕೆಲಸವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿಡಿ.

ತೈಲವರ್ಣ ನಿಧಾನ ಒಣಗುವುದರಿಂದ ನಮ್ಮ ಪಾಲಿಗೆ ಅನುಕೂಲವೇ. ತೊಂದರೆ ಇರುವುದು ಈ ಬಣ್ಣ ತೆಳು ಮಾಡಲು, ಕುಂಚ ತೊಳೆಯಲು ಬಳಸುವ ಟರ್ಪೆಂಟೈನ್‌ನಲ್ಲಿ. ಅದರ ಆವಿ ಮಗುವಿರುವ ಕೋಣೆಗೆ ಬೇಡವೇ ಬೇಡ. ಕುಂಚವನ್ನು ಅಗಸೆ ಎಣ್ಣೆಯಲ್ಲಿ ಒರೆಸಿ ಆಮೇಲೆ ಸೋಪಿನಲ್ಲಿ ತೊಳೆದರೆ ಟರ್ಪೆಂಟೈನ್ ಇಲ್ಲದೆಯೂ ನಡೆಯುತ್ತದೆ. ಹಾಗೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಡಬೇಡಿ. ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ.

ಒಂದು ಟ್ರೇ, ಒಂದು ಚೀಟಿ

ಪ್ರತ್ಯೇಕ ಕೋಣೆಗೆ ಕಾಯುತ್ತಾ ಕೂರಬೇಡಿ. ಈಗ ನಡೆಯುತ್ತಿರುವ ಒಂದೇ ಕೆಲಸಕ್ಕೆ ಬೇಕಾದದ್ದನ್ನೆಲ್ಲ ಒಂದು ಟ್ರೇಯಲ್ಲಿ ಜೋಡಿಸಿ, ಮಗುವಿನ ಕೈಗೆಟುಕದ ಎತ್ತರದಲ್ಲಿಡಿ. ಇಳಿಸಿದರೆ ಕೆಲಸ, ಏರಿಸಿದರೆ ಮನೆ.

ಎದ್ದೇಳುವ ಮುಂಚೆ ಮುಂದೇನು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ‘ಎಡಗಡೆ ಎಲೆಗೆ ನೆರಳು’ ಅನ್ನುವಷ್ಟು ಸಣ್ಣದಾಗಿರಲಿ. ‘ಚಿತ್ರ ಮುಗಿಸುವುದು’ ಅಂತ ಬರೆದರೆ ಏನೂ ಪ್ರಯೋಜನವಿಲ್ಲ. ನನಗೆ ಅತಿ ಹೆಚ್ಚು ಉಪಯೋಗವಾಗಿದ್ದು ಈ ಚೀಟಿಯೇ. ರಾತ್ರಿಯಿಡೀ ಎಚ್ಚರವಿದ್ದ ಮಾರನೇ ದಿನ ತಲೆ ಓಡುವುದಿಲ್ಲ. ಆದರೆ ಒಂದು ಎಲೆಗೆ ನೆರಳು ಹಾಕುವುದಕ್ಕೆ ಕೈ ಸಾಕು.

ಅಳತೆಯನ್ನೂ ಚಿಕ್ಕದು ಮಾಡಿ. ಎ6 ಕಾಗದ ಅಂದರೆ 105 ಗುಣಿಸು 148 ಮಿ.ಮೀ., ಅಂಗೈಯಷ್ಟು. ಇಂಥ 16 ಹಾಳೆ ಸೇರಿಸಿದರೆ ಒಂದು ಎ2 ಆಗುತ್ತದೆ. ದೊಡ್ಡ ಚಿತ್ರದ ಆಸೆ ಇದ್ದವರು ಹೀಗೆ ತುಂಡುಗಳಲ್ಲಿ ಕಟ್ಟಿ ನೋಡಬಹುದು.

ಬ್ರಿಟಿಷ್ ಶಿಲ್ಪಿ ಬಾರ್ಬರಾ ಹೆಪ್‌ವರ್ತ್‌ಗೆ 1934ರಲ್ಲಿ ತ್ರಿವಳಿ ಮಕ್ಕಳು ಹುಟ್ಟಿದಾಗ ಆಗಲೇ ಮನೆಯಲ್ಲಿ ಒಬ್ಬ ಪುಟ್ಟ ಮಗನಿದ್ದ. ದಿನಕ್ಕೆ ಅರ್ಧ ಗಂಟೆ ಕೆಲಸ ಮಾಡಿದರೂ ರೂಪಗಳು ಮನಸ್ಸಿನಲ್ಲಿ ಬೆಳೆಯುತ್ತಿರುತ್ತವೆ ಅನ್ನುವುದು ಅವರ ಅನುಭವ. ಇದು ನಿಜ. ಬೆಳಿಗ್ಗೆ ಸ್ವಲ್ಪ ಕೈಯಾಡಿಸಿದ್ದರೆ ಮಗುವಿಗೆ ಸ್ನಾನ ಮಾಡಿಸುವಾಗಲೂ ಚಿತ್ರ ಒಳಗೆ ನಡೆಯುತ್ತಲೇ ಇರುತ್ತದೆ.

ಮಗು ಪಕ್ಕದಲ್ಲಿದ್ದಾಗ

ಎರಡು ವರ್ಷ ದಾಟಿದ ಮಗುವಿಗೆ ಅದೇ ಮೇಜಿನಲ್ಲಿ ಅದರದೇ ಕಾಗದ, ದಪ್ಪ ಕ್ರೇಯಾನ್ ಕೊಡಿ. ಆ ಹೊತ್ತಿನಲ್ಲಿ ನಿಮ್ಮ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ, ಸಿಟ್ಟು ಬರುತ್ತದೆ. ಮಗುವನ್ನೇ ಬಿಡಿಸಿ. ಅದು ಸುಮ್ನೆ ಕೂರುವುದಿಲ್ಲವಾದ್ದರಿಂದ ಬೆನ್ನಿನ ಬಾಗು, ಕತ್ತಿನ ಓರೆ ಇಷ್ಟನ್ನು ಕೆಲವೇ ಸೆಕೆಂಡಿನಲ್ಲಿ ಹಿಡಿಯುವುದು ಅಭ್ಯಾಸವಾಗುತ್ತದೆ.

ಕ್ಯಾಡ್ಮಿಯಂ, ಸೀಸ ಇರುವ ಬಣ್ಣಗಳು ಮಕ್ಕಳ ಕೈಗೆ ಸಿಗಬಾರದು. ಕುಡಿಯುವ ಲೋಟದಲ್ಲಿ ಕುಂಚ ಅದ್ದಬೇಡಿ, ಕುಡಿಯುವ ಬಾಟಲಿಯಲ್ಲಿ ಟರ್ಪೆಂಟೈನ್ ತುಂಬಿಡಬೇಡಿ. ಒಣಗಿದ ಜೇಡಿಮಣ್ಣಿನ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸೂಜಿ, ಬ್ಲೇಡುಗಳನ್ನು ಪ್ರತಿ ಸಲ ಎಣಿಸಿ ಇಡಿ.

ವಾರಕ್ಕೊಮ್ಮೆ ಎರಡು ಗಂಟೆ

ತುಂಡು ಸಮಯದಲ್ಲಿ ಕೆಲಸ ಮುಂದುವರಿಯುತ್ತದೆ. ಆದರೆ ದೂರ ನಿಂತು ನೋಡುವುದಕ್ಕೆ, ತಪ್ಪು ಹುಡುಕುವುದಕ್ಕೆ, ಹೊಸದನ್ನು ಯೋಚಿಸುವುದಕ್ಕೆ ಉದ್ದನೆಯ ಹೊತ್ತು ಬೇಕು. ಸಂಗಾತಿಯನ್ನೋ ಮನೆಯವರನ್ನೋ ಸ್ಪಷ್ಟವಾಗಿ ಕೇಳಿ: ಯಾವ ದಿನ, ಎಷ್ಟು ಗಂಟೆಗೆ, ಬಾಗಿಲು ಹಾಕಿರುತ್ತದೆಯೋ ಇಲ್ಲವೋ, ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ. ‘ಬಿಡುವಾದಾಗ ಸ್ವಲ್ಪ ನೋಡಿಕೊಳ್ಳಿ’ ಅಂದರೆ ಆ ಬಿಡುವು ಬರುವುದೇ ಇಲ್ಲ. ಇನ್ನೊಬ್ಬರಿಗೂ ಅಷ್ಟೇ ಹೊತ್ತು ಬಿಟ್ಟುಕೊಡಿ. ಅಪ್ಪ ಆಗಲಿ, ಅಮ್ಮ ಆಗಲಿ, ಯಾರೂ ಇದನ್ನು ಉಪಕಾರದ ಹಾಗೆ ಕೇಳಬೇಕಾಗಿಲ್ಲ.

ಮಗುವಿಗೆ ಜ್ವರ ಬಂದ ವಾರ ಇದೆಲ್ಲ ನಿಂತುಹೋಗುತ್ತದೆ. ಕಳೆದ ದಿನಗಳ ಬಾಕಿ ತೀರಿಸಲು ಹೋಗಬೇಡಿ. ಜ್ವರ ಇಳಿದ ಮೇಲೆ ಟ್ರೇ ಇಳಿಸಿ, ಚೀಟಿ ಓದಿ, ಎಡಗಡೆ ಎಲೆಗೆ ನೆರಳು ಹಾಕಿ.