ಮಳೆ ಅಳೆಯುವ ತರಗತಿ: ಶಾಲೆಯಲ್ಲಿ ವಾಯುಗುಣದ ಪಾಠವನ್ನು ಕೈಯಾರೆ ಕಲಿಸುವುದು ಹೇಗೆ?

ತರಗತಿಯ ಗೋಡೆಯ ಮೇಲೆ ನೆಲದಿಂದ 944 ಮಿಲಿಮೀಟರ್ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೂರನೆಯ ತರಗತಿಯ ಮಗುವನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರೆ ಗೆರೆ ಹೆಚ್ಚುಕಡಿಮೆ ಎದೆಮಟ್ಟಕ್ಕೆ ಬರುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ ಸುರಿದ ಮಳೆ ಅಷ್ಟು. ಅದೇ ಗೋಡೆಯಲ್ಲಿ 73 ಮಿಲಿಮೀಟರ್ ಎತ್ತರಕ್ಕೆ, ಅಂದರೆ ಮಗುವಿನ ಪಾದದ ಗಂಟಿನ ಹತ್ತಿರ, ಇನ್ನೊಂದು ಗೆರೆ ಎಳೆಯಿರಿ. ಅದೇ ದಿನ ಕೊಲಾಬಾದಲ್ಲಿ ಬಿದ್ದ ಮಳೆ ಇಷ್ಟೇ. ಎರಡು ಕೇಂದ್ರಗಳ ನಡುವಿನ ಅಂತರ ಇಪ್ಪತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಎರಡು ಗೆರೆಗಳ ಮುಂದೆ ನಿಂತ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: ಹಾಗಾದರೆ ನಮ್ಮ ಶಾಲೆಯ ಮೇಲೆ ಎಷ್ಟು ಬಿದ್ದಿತ್ತು? ಅದಕ್ಕೆ ಉತ್ತರವಿಲ್ಲ, ಏಕೆಂದರೆ ಅಂದು ಅಲ್ಲಿ ಅಳೆದವರು ಯಾರೂ ಇಲ್ಲ. ವರ್ಷವಿಡೀ ಮಾಡಬೇಕಾದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತಿಳಿದಿಲ್ಲ.

ಪರಿಸರ ಶಿಕ್ಷಣವು ಎಲ್ಲ ಹಂತಗಳಲ್ಲೂ ಕಡ್ಡಾಯವಾಗಬೇಕೆಂದು ಪರಿಸರ ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿಯೇ ಆದೇಶಿಸಿತ್ತು. ಅಂದಿನಿಂದ ಪಠ್ಯಪುಸ್ತಕಗಳಲ್ಲಿ ಅಧ್ಯಾಯಗಳು ಬಂದಿವೆ, ಜೂನ್ 5ರಂದು ಸಸಿ ನೆಡುವ ಕಾರ್ಯಕ್ರಮವೂ ತಪ್ಪದೆ ನಡೆಯುತ್ತಿದೆ. ಆದರೆ ನೆಟ್ಟ ಸಸಿ ಆಗಸ್ಟ್‌ನಲ್ಲಿ ಬದುಕಿದೆಯೇ ಎಂದು ನೋಡಿ ಬರೆದಿಡುವ ಪುಸ್ತಕ ಬಹಳಷ್ಟು ಶಾಲೆಗಳಲ್ಲಿಲ್ಲ. ಮುಂಬಯಿಯ ಶಾಲೆಗಳಲ್ಲಿ ಕನ್ನಡದ ಮಕ್ಕಳಿಗೆ ಹಲವು ವರ್ಷ ವಿಜ್ಞಾನ ಕಲಿಸಿದ ಅನುಭವದಿಂದ ಹೇಳುವುದಾದರೆ, ಈ ಕೆಲಸಕ್ಕೆ ಮೊದಲು ಬೇಕಾದದ್ದು ಹಣವಲ್ಲ, ಪ್ರಯೋಗಾಲಯವೂ ಅಲ್ಲ. ಹಾಜರಿ ಪುಸ್ತಕದಷ್ಟೇ ಶಿಸ್ತಿನಿಂದ ತುಂಬಿಸುವ ಒಂದು ದಾಖಲೆ ಪುಸ್ತಕ. ಮುಂದೆ ಹೇಳುವ ಪ್ರತಿಯೊಂದು ಚಟುವಟಿಕೆಯೂ ಆ ಪುಸ್ತಕದ ಒಂದೊಂದು ಪುಟಕ್ಕೆ ಬಂದು ಸೇರಬೇಕು.

ಶಾಲೆ ತೆರೆಯುವ ಮುನ್ನ

ಮುಖ್ಯೋಪಾಧ್ಯಾಯರ ಒಪ್ಪಿಗೆಯನ್ನು ಏಪ್ರಿಲ್‌ನಲ್ಲಿಯೇ ಪಡೆಯಿರಿ. ಒಬ್ಬ ಶಿಕ್ಷಕರ ಉತ್ಸಾಹದ ಮೇಲೆ ನಿಂತ ಕೆಲಸ ಅವರ ವರ್ಗಾವಣೆಯೊಂದಿಗೆ ನಿಂತುಹೋಗುವುದರಿಂದ, ಕಡೇಪಕ್ಷ ಇಬ್ಬರು ಶಿಕ್ಷಕರು ಮತ್ತು ಕಟ್ಟಡದಲ್ಲಿ ಸದಾ ಇರುವ ಒಬ್ಬ ಸಿಪಾಯಿ ಅಥವಾ ವಾಚ್‌ಮನ್ ಇದರಲ್ಲಿ ಸೇರಿರಬೇಕು. ಮಹಾನಗರ ಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮಗಳ ತರಗತಿಗಳು ನಡೆಯುವುದೂ ಉಂಟು. ಅಂಥ ಕಡೆ ಒಂದೇ ಮಳೆಮಾಪಕವನ್ನು ಎಲ್ಲರೂ ಹಂಚಿಕೊಳ್ಳಲಿ. ಮಿಲಿಮೀಟರಿಗೆ ಭಾಷೆಯ ತೊಡಕಿಲ್ಲ, ಮತ್ತು ಒಂದು ಶಾಲೆಗೆ ರಜೆಯಿದ್ದ ದಿನ ಇನ್ನೊಂದು ಶಾಲೆಯ ಮಕ್ಕಳು ಅಳೆಯುತ್ತಾರೆ. ಮೊದಲ ವರ್ಷ ಮಳೆ, ಕಸ, ಉಷ್ಣಾಂಶ ಈ ಮೂರನ್ನು ಬಿಟ್ಟು ಬೇರೇನನ್ನೂ ಕೈಗೆತ್ತಿಕೊಳ್ಳಬೇಡಿ. ಹತ್ತು ಚಟುವಟಿಕೆಗಳನ್ನು ಆರಂಭಿಸಿ ದಸರೆಯ ಹೊತ್ತಿಗೆ ಎಲ್ಲವನ್ನೂ ಕೈಬಿಟ್ಟ ಶಾಲೆಗಳನ್ನು ನಾನು ಕಂಡಿದ್ದೇನೆ.

ಜೂನ್: ಮಳೆಮಾಪಕ

ನೇರ ಗೋಡೆಯ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ತೆಗೆದುಕೊಳ್ಳಿ. ಮೇಲ್ಭಾಗವು ಕಿರಿದಾಗಲು ಆರಂಭವಾಗುವ ಜಾಗದಲ್ಲಿ ಕತ್ತರಿಸಿ, ಆ ತುಂಡನ್ನು ತಲೆಕೆಳಗು ಮಾಡಿ ಲಾಳಿಕೆಯಂತೆ ಬಾಟಲಿಯೊಳಗೆ ಇಡಿ. ತಳ ಏರುತಗ್ಗಾಗಿರುವುದರಿಂದ ಸಣ್ಣ ಕಲ್ಲುಗಳನ್ನು ಹಾಕಿ, ಅವು ಮುಳುಗುವಷ್ಟು ನೀರು ಹೊಯ್ದು, ನೀರಿನ ಮಟ್ಟಕ್ಕೆ ಸೊನ್ನೆ ಎಂದು ಗುರುತು ಮಾಡಿ. ಅಲ್ಲಿಂದ ಮೇಲಕ್ಕೆ ಒಂದು ಅಳತೆಪಟ್ಟಿಯನ್ನು ಅಂಟಿಸಿ. ಬಾಯಿಯ ಅಗಲವೂ ಒಳಗಿನ ಅಗಲವೂ ಒಂದೇ ಆಗಿರುವುದರಿಂದ ಪಟ್ಟಿಯಲ್ಲಿ ಕಾಣುವ ಮಿಲಿಮೀಟರೇ ಮಳೆಯ ಮಿಲಿಮೀಟರು. ಗಾಳಿಗೆ ಉರುಳದಂತೆ ಇಟ್ಟಿಗೆಗಳ ನಡುವೆ ನಿಲ್ಲಿಸಿ. ಹತ್ತಿರದ ಗೋಡೆ ಅಥವಾ ಮರದಿಂದ ಅದರ ಎತ್ತರದ ಎರಡು ಪಟ್ಟು ದೂರವಿದ್ದರೆ ಒಳ್ಳೆಯದು. ನಗರದ ಇಕ್ಕಟ್ಟಿನಲ್ಲಿ ಅಷ್ಟು ಬಯಲು ಸಿಗದಿದ್ದರೆ, ಶಿಕ್ಷಕರೇ ಹೋಗಿ ಬರುವ ತಾರಸಿಯ ನಡುಭಾಗ ಆಗಬಹುದು.

ಭಾರತೀಯ ಹವಾಮಾನ ಇಲಾಖೆಯು ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಲೆಕ್ಕ ಹಾಕುತ್ತದೆ. ನೀವೂ ಅದೇ ಹೊತ್ತಿಗೆ ಓದಿದರೆ ನಿಮ್ಮ ಅಂಕಿಯನ್ನು ಸಾಂತಾಕ್ರೂಜ್ ಮತ್ತು ಕೊಲಾಬಾದ ಅಂಕಿಗಳ ಪಕ್ಕದಲ್ಲಿ ಬರೆಯಲು ಬರುತ್ತದೆ. ಮಧ್ಯಾಹ್ನದ ಪಾಳಿಯ ಶಾಲೆಯಾದರೆ 8.30ರ ಓದಿಗೆ ಹತ್ತಿರದಲ್ಲಿ ವಾಸಿಸುವ ಇಬ್ಬರು ಮಕ್ಕಳನ್ನು ವಾರಕ್ಕೊಮ್ಮೆ ಬದಲಿಸುತ್ತ ನೇಮಿಸಿ. ಇಲಾಖೆಯ ಲೆಕ್ಕದಲ್ಲಿ 64.5 ಮಿ.ಮೀ. ದಾಟಿದ ದಿನ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ನಿಮ್ಮ ಬಾಟಲಿ ಇನ್ನೂರು ಮಿಲಿಮೀಟರಿನ ಆಸುಪಾಸಿನಲ್ಲಿ ತುಂಬಿ ಹರಿಯುತ್ತದೆ. ಜೋರು ಮಳೆಯ ದಿನಗಳಲ್ಲಿ ಸಂಜೆಯೂ ಒಮ್ಮೆ ಓದಿ, ಖಾಲಿ ಮಾಡಿ, ಎರಡೂ ಅಂಕಿಗಳನ್ನು ಕೂಡಿಸಬೇಕು. ಓದಲಾಗದ ದಿನ ಸೊನ್ನೆ ಬರೆಯಬಾರದು, ‘ಓದಿಲ್ಲ’ ಎಂದು ಬರೆಯಬೇಕು. ಮಕ್ಕಳಿಗೆ ಇದನ್ನು ಮೊದಲ ವಾರದಲ್ಲಿಯೇ ಒತ್ತಿ ಹೇಳಿ. ಸುಳ್ಳು ಸೊನ್ನೆಯೊಂದು ಇಡೀ ತಿಂಗಳ ಸರಾಸರಿಯನ್ನು ಕೆಡಿಸುತ್ತದೆ.

ಅಂಕಿಯ ಪಕ್ಕದಲ್ಲಿ ಮಳೆನಕ್ಷತ್ರದ ಹೆಸರಿಗೂ ಒಂದು ಕಾಲಂ ಇರಲಿ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ ಎಂದು ಎಣಿಸುವ ಅಜ್ಜ ಅಜ್ಜಿಯರು ನಮ್ಮ ಮಕ್ಕಳ ಊರುಗಳಲ್ಲಿ ಇನ್ನೂ ಇದ್ದಾರೆ. ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬ ಗಾದೆಯನ್ನು ಕಲಬುರಗಿ, ವಿಜಯಪುರದ ಕಡೆಯ ಮಗು ಮನೆಯಿಂದ ಕೇಳಿಕೊಂಡು ಬರಲಿ; ಆಟಿ ತಿಂಗಳ ಜಡಿಮಳೆಯ ಕಥೆಯನ್ನು ಉಡುಪಿ, ಕಾರ್ಕಳದ ಕಡೆಯ ಮಗು ತರಲಿ. ಫೋನಿನಲ್ಲಿ ಊರಿನ ಮಳೆಯನ್ನು ವಿಚಾರಿಸಿ ಬರೆದುಕೊಳ್ಳುವ ಮಗುವಿಗೆ, ಒಂದೇ ಮುಂಗಾರು ಒಂದು ಕಡೆ ಗದ್ದೆ ತುಂಬಿಸಿ ಇನ್ನೊಂದು ಕಡೆ ಬಿತ್ತನೆಗೂ ಸಾಲದೆ ಹೋಗುವುದು ನಕಾಶೆಯಿಲ್ಲದೆಯೇ ಅರ್ಥವಾಗುತ್ತದೆ.

ಗಣಿತದ ಪಾಠವೂ ಇಲ್ಲಿಯೇ ಇದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 300 ಚದರ ಮೀಟರಿನ ಶಾಲೆಯ ತಾರಸಿಯ ಮೇಲೆ 60 ಮಿ.ಮೀ. ಮಳೆಯಾದ ದಿನ 18,000 ಲೀಟರ್ ನೀರು ಪೈಪಿನಲ್ಲಿ ಇಳಿದು ನಾಲೆಗೆ ಹೋಯಿತು. ಆ ನೀರು ಎಲ್ಲಿಗೆ ಹೋಯಿತು ಎಂಬುದು ಮುಂದಿನ ತಿಂಗಳ ಪಾಠ.

ಜುಲೈ, ಆಗಸ್ಟ್: ನೀರು ಏಕೆ ನಿಲ್ಲುತ್ತದೆ?

ಮಳೆಗಾಲದಲ್ಲಿ ಮಕ್ಕಳನ್ನು ನಾಲೆಯ ಅಂಚಿಗಾಗಲಿ, ನೀರು ನಿಂತ ಬೀದಿಗಾಗಲಿ, ಭರತದ ಹೊತ್ತಿನಲ್ಲಿ ಸಮುದ್ರದ ದಂಡೆಗಾಗಲಿ ಕರೆದೊಯ್ಯಲೇಬಾರದು. ತರಗತಿಯಲ್ಲಿ ಎರಡು ಟಬ್ಬುಗಳು ಸಾಕು. ಮೇಲಿನ ಟಬ್ಬಿನ ತಳಕ್ಕೆ ಒಂದು ರಬ್ಬರ್ ಕೊಳವೆ ಜೋಡಿಸಿ, ನೀರು ತುಂಬಿ, ಅದು ಖಾಲಿಯಾಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಬಳಿಕ ಕೆಳಗಿನ ಟಬ್ಬನ್ನೂ ತುಂಬಿಸಿ, ಅದರ ನೀರು ಮೇಲಿನ ಟಬ್ಬಿನ ಮಟ್ಟಕ್ಕೆ ಹತ್ತಿರವಾಗುವಂತೆ ಎತ್ತರಿಸಿ, ಕೊಳವೆಯ ತುದಿಯನ್ನು ಅದರೊಳಗೆ ಮುಳುಗಿಸಿ ಮತ್ತೆ ಎಣಿಸಿ. ಎರಡನೆಯ ಸಲ ನೀರು ಬಹಳ ನಿಧಾನವಾಗಿ ಇಳಿಯುತ್ತದೆ, ಮಟ್ಟಗಳು ಸರಿಸಮವಾದೊಡನೆ ನಿಂತೇಬಿಡುತ್ತದೆ. ಮುಂಬಯಿಯಲ್ಲಿ ಆಗುವುದೂ ಇದೇ. ನಗರದ ಹಳೆಯ ಮಳೆನೀರು ಕಾಲುವೆಗಳನ್ನು ಗಂಟೆಗೆ 25 ಮಿ.ಮೀ. ಮಳೆಯನ್ನು, ಅದೂ ಸಮುದ್ರ ಇಳಿತದಲ್ಲಿದ್ದಾಗ, ಹೊರಹಾಕುವ ಲೆಕ್ಕದಲ್ಲಿ ಕಟ್ಟಲಾಗಿತ್ತು. ಸುಧಾರಣೆಯ ಯೋಜನೆಯು ಅದನ್ನು 50ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತು. ಭರತದ ಹೊತ್ತಿಗೆ ಜೋರು ಮಳೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಭರತ ಇಳಿತಗಳ ವೇಳಾಪಟ್ಟಿ ಪತ್ರಿಕೆಗಳಲ್ಲಿಯೂ ಬರುತ್ತದೆ. ಅದನ್ನು ಕತ್ತರಿಸಿ ದಾಖಲೆ ಪುಸ್ತಕಕ್ಕೆ ಅಂಟಿಸಿ, ಬೀದಿಯಲ್ಲಿ ನೀರು ನಿಂತ ದಿನದೊಂದಿಗೆ ಹೋಲಿಸಲು ಮಕ್ಕಳಿಗೆ ಹೇಳಿ.

ವಾಯುಗುಣ ಬದಲಾವಣೆಯ ಮಾತನ್ನು ಎತ್ತಲು ಇದೇ ಸರಿಯಾದ ಸಮಯ. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು 7 ಶೇಕಡ ಹೆಚ್ಚುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶವನ್ನು ಆವರಿಸುವ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರ ನಡುವೆ ಮೂರು ಪಟ್ಟಾಗಿವೆ. ಅರಬ್ಬಿ ಸಮುದ್ರದಿಂದ ಬರುವ ತೇವಾಂಶದ ಏರಿಳಿತವನ್ನು ಅವರು ಅದಕ್ಕೆ ಕಾರಣವಾಗಿ ತೋರಿಸಿದ್ದಾರೆ. ಆದರೆ ಒಂದು ದಿನದ ಭಾರೀ ಮಳೆಯನ್ನು ತೋರಿಸಿ ‘ನೋಡಿ, ವಾಯುಗುಣ ಬದಲಾಗಿದೆ’ ಎಂದು ಹೇಳುವುದು ತಪ್ಪು ಪಾಠ. ಇಂದಿನ ಮಳೆ ಹವಾಮಾನ; ಮೂವತ್ತು ವರ್ಷಗಳ ಸರಾಸರಿ ವಾಯುಗುಣ. ನಿಮ್ಮ ದಾಖಲೆ ಪುಸ್ತಕ ಒಂದು ವರ್ಷಕ್ಕೆ ನಿಲ್ಲಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಇನ್ನೊಂದು ಎಚ್ಚರಿಕೆಯೂ ಇಲ್ಲಿಯೇ ಬೇಕು. ತಗ್ಗಿನ ಚಾಳಿನಲ್ಲಿ ವಾಸಿಸುವ ಮಗುವಿಗೆ ನೆರೆ ಎಂದರೆ ಚಿತ್ರವಲ್ಲ, ರಾತ್ರಿ ಮಂಚದ ಮೇಲೆ ಪುಸ್ತಕದ ಚೀಲವನ್ನು ಎತ್ತಿಟ್ಟ ನೆನಪು. ಅಂಥ ಮಗುವನ್ನು ಎಲ್ಲರ ಮುಂದೆ ಅನುಭವ ಹೇಳಲು ಒತ್ತಾಯಿಸಬೇಡಿ. ಒಂದು ಫ್ಯಾನು, ಒಂದು ದೀಪದ ಮನೆಯಿಂದ ಬಂದ ಮಗುವಿಗೆ ‘ಭೂಮಿಯ ಬಿಸಿ ಏರಲು ನೀನೇ ಕಾರಣ’ ಎನ್ನುವ ಭಾವ ಬರುವಂತೆ ಮಾತಾಡುವುದು ಅನ್ಯಾಯ.

ಸೆಪ್ಟೆಂಬರ್: ಕಸದ ತೂಕ

ಒಂದು ವಾರ ಪ್ರತಿದಿನ ಶಾಲೆಯ ಕಸವನ್ನು ಹಸಿ, ಒಣ ಎಂದು ಬೇರೆ ಮಾಡಿ, ಕೈಗೆ ಗ್ಲೌಸ್ ಹಾಕಿಸಿ, ತೂಗುತಕ್ಕಡಿಯಲ್ಲಿ ತೂಗಿ ಬರೆಯಿರಿ. ಹಸಿಕಸಕ್ಕೆ ಬದಿಯಲ್ಲಿಯೂ ತಳದಲ್ಲಿಯೂ ರಂಧ್ರ ಕೊರೆದ ಒಂದು ದೊಡ್ಡ ಡಬ್ಬ ಬೇಕು. ತಳದಲ್ಲಿ ಒಣ ಎಲೆ, ಅದರ ಮೇಲೆ ತರಕಾರಿ ಸಿಪ್ಪೆ, ಮತ್ತೆ ಒಣ ಎಲೆ ಹೀಗೆ ಹಾಕುತ್ತ ಹೋಗಿ. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಎಲೆ ಇರಲಿ. ಹಳೆಯ ಗೊಬ್ಬರದ ಒಂದು ಹಿಡಿ ಅಥವಾ ಸ್ವಲ್ಪ ಹುಳಿ ಮಜ್ಜಿಗೆ ಹೆಪ್ಪಿನ ಕೆಲಸ ಮಾಡುತ್ತದೆ. ನಾನು ಮೊದಲ ಸಲ ಮಾಡಿಸಿದಾಗ ಬಿಸಿಯೂಟದಲ್ಲಿ ಉಳಿದ ಅನ್ನವನ್ನೂ ಸಾರನ್ನೂ ಒಣ ಎಲೆಯಿಲ್ಲದೆ ಹಾಕಿಸಿದ್ದೆ; ನಾಲ್ಕನೆಯ ದಿನಕ್ಕೆ ದುರ್ವಾಸನೆ ಎದ್ದು ಇಡೀ ಪ್ರಯತ್ನವೇ ನಿಂತಿತು. ಬೇಯಿಸಿದ ಆಹಾರವನ್ನು ಮೊದಲ ವರ್ಷ ಹೊರಗಿಡಿ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಮಾತ್ರ ತೇವ ಇರಬೇಕು. ವಾರಕ್ಕೊಮ್ಮೆ ತಿರುವಿ ಹಾಕಿದರೆ ಎರಡು ಮೂರು ತಿಂಗಳಲ್ಲಿ ಹಸಿ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ.

ತಿರುವಿ ಹಾಕುವುದು ಏಕೆ ಎಂದು ಮಕ್ಕಳು ಕೇಳಿದಾಗ ದೇವನಾರ್‌ನ ಮಾತು ಬರಲಿ. 1927ರಿಂದ ನಗರದ ಕಸ ಸುರಿದು ಬೆಳೆದ ಆ ಗುಡ್ಡದೊಳಗೆ ಗಾಳಿಯಾಡುವುದಿಲ್ಲ; ಗಾಳಿಯಿಲ್ಲದೆ ಕೊಳೆತ ಹಸಿಕಸದಿಂದ ಮೀಥೇನ್ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ.

ಅಕ್ಟೋಬರ್‌ನಿಂದ ಮುಂದೆ

ಮಳೆ ನಿಂತ ಮೇಲಿನ ಸೆಕೆಯನ್ನು ವ್ಯರ್ಥ ಮಾಡಬೇಡಿ. ಪಾದರಸವಿಲ್ಲದ ನಾಲ್ಕು ಥರ್ಮಾಮೀಟರುಗಳನ್ನು ತಗಡಿನ ಮಾಡಿನ ಕೆಳಗೆ, ಮರದ ನೆರಳಿನಲ್ಲಿ, ಸಿಮೆಂಟಿನ ಅಂಗಳದ ಪಕ್ಕದಲ್ಲಿ ಮತ್ತು ತರಗತಿಯಲ್ಲಿ ತೂಗುಹಾಕಿ, ಮಧ್ಯಾಹ್ನ ಎರಡು ಗಂಟೆಗೆ ಓದಿ. ನೇರ ಬಿಸಿಲು ಬಿದ್ದರೆ ಥರ್ಮಾಮೀಟರು ಗಾಳಿಯ ಬದಲು ತನ್ನದೇ ಬಿಸಿಯನ್ನು ತೋರಿಸುತ್ತದೆ. ಆದ್ದರಿಂದ ಅಂಗಳದಲ್ಲಿಟ್ಟದ್ದಕ್ಕೆ ಬಿಳಿ ರಟ್ಟಿನ ಮರೆ ಕಟ್ಟಿ. ಎರಡು ವಾರಗಳ ಅಂಕಿಗಳನ್ನು ಸ್ತಂಭಾಲೇಖವಾಗಿ ಬಿಡಿಸಿದರೆ, ಯಾವ ಕೋಣೆಗೆ ನೆರಳು ಬೇಕೆಂಬುದನ್ನು ಮಕ್ಕಳೇ ಹೇಳುತ್ತಾರೆ. ಸಸಿ ನೆಡುವುದಾದರೆ ಅಲ್ಲಿ ನೆಡಿ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೊರಸಂಚಾರ ಸುಲಭ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯವರೆಗೆ ಹತ್ತು ಚೀಲರಹಿತ ದಿನಗಳನ್ನು ಹೇಳಿರುವುದರಿಂದ ಅನುಮತಿ ಕೇಳಲು ಆಧಾರವೂ ಇದೆ. ಧಾರಾವಿಯ ಬಳಿ ಮೀಠಿ ನದಿಯ ದಡದಲ್ಲಿರುವ ಮಹಾರಾಷ್ಟ್ರ ನೇಚರ್ ಪಾರ್ಕ್ ಒಂದು ಕಾಲಕ್ಕೆ ಕಸ ಸುರಿಯುವ ಜಾಗವಾಗಿತ್ತು. ದೇವನಾರ್ ಬಗ್ಗೆ ಓದಿದ ಮಕ್ಕಳಿಗೆ ಅದನ್ನು ತೋರಿಸಲೇಬೇಕು. ಠಾಣೆ ಖಾರಿಯ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿಗೆ ಹೋಗುವುದಾದರೆ ಭರತ ಇಳಿತದ ಪಟ್ಟಿ ನೋಡಿಯೇ ದಿನ ಗೊತ್ತುಮಾಡಿ. ಇಳಿತದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರುಬೇರುಗಳು ಕೆಸರಿನಿಂದ ಪೆನ್ಸಿಲ್‌ಗಳಂತೆ ಎದ್ದು ನಿಂತಿರುವುದು ಕಾಣುತ್ತದೆ. ಕೆಲವು ಜಾತಿಯ ಎಲೆಗಳ ಮೇಲೆ ಹೊರಬಿದ್ದ ಉಪ್ಪಿನ ಹರಳುಗಳನ್ನು ಮಸೂರದಲ್ಲಿ ನೋಡಬಹುದು. ಅಂದು ಹತ್ತು ವಿಷಯ ವಿವರಿಸುವ ಬದಲು ಪ್ರತಿ ಮಗುವೂ ಒಂದೇ ಗಿಡದ ಮುಂದೆ ಹದಿನೈದು ನಿಮಿಷ ಕುಳಿತು ಚಿತ್ರ ಬಿಡಿಸಲಿ.

ದಾಖಲೆಗೆ ಉಪಯೋಗವಿದೆ ಎಂದು ಮಕ್ಕಳಿಗೆ ಕಾಣಬೇಕು. ಶಾಲೆಯ ಗೇಟಿನ ಮುಂದೆ ಯಾವ ಯಾವ ದಿನ, ಎಷ್ಟು ಮಿಲಿಮೀಟರ್ ಮಳೆಗೆ ನೀರು ನಿಂತಿತು ಎಂಬ ಪಟ್ಟಿಯನ್ನು ಮಕ್ಕಳೇ ಮರಾಠಿಯಲ್ಲಿ ಪತ್ರವಾಗಿ ಬರೆದು, ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ವಾರ್ಡ್ ಕಚೇರಿಗೆ ಕೊಡಲಿ. 2022ರ ಮಾರ್ಚ್‌ನಲ್ಲಿ ಪ್ರಕಟವಾದ ಮುಂಬಯಿ ವಾಯುಗುಣ ಕ್ರಿಯಾ ಯೋಜನೆಯು 2050ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ, ಅಂದರೆ ಹೊರಬಿಟ್ಟಷ್ಟೇ ಶಾಖ ಹಿಡಿಯುವ ಅನಿಲವನ್ನು ಹೀರಿ ಸರಿದೂಗಿಸುವ, ಗುರಿ ಹೇಳುತ್ತದೆ. ನೆರೆ ಮತ್ತು ಕಸದ ನಿರ್ವಹಣೆಯೂ ಅದರಲ್ಲಿದೆ. ಇಂದು ಆರನೆಯ ತರಗತಿಯಲ್ಲಿರುವವರು ಅಂದು ನಡುವಯಸ್ಸಿಗೆ ಸಮೀಪಿಸಿರುತ್ತಾರೆ.

ಏಪ್ರಿಲ್‌ನಲ್ಲಿ ಪುಸ್ತಕದ ಹಸ್ತಾಂತರ ನಡೆಯಲಿ. ಏಳನೆಯ ತರಗತಿಯವರು ಆರನೆಯವರಿಗೆ ಮಾಪಕ ಓದುವುದನ್ನು ಕಲಿಸಿ, ಬಾಟಲಿ ಬದಲಿಸಿದ ದಿನಾಂಕಗಳನ್ನೂ ಮಾಪಕದ ಜಾಗದ ನಕ್ಷೆಯನ್ನೂ ಕೊನೆಯ ಪುಟದಲ್ಲಿ ಬರೆದು ಸಹಿ ಮಾಡಲಿ. ಮೇ ತಿಂಗಳ ರಜೆಯಲ್ಲಿ ಮಳೆ ಬಾರದೆಂದು ನಂಬಿ ಮಾಪಕವನ್ನು ಕಪಾಟಿಗೆ ಸೇರಿಸಬೇಡಿ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. 2025ರಲ್ಲಿ ಅದು ಮೇ 26ಕ್ಕೇ ಬಂದಿತು. ಅಂದು ಶಾಲೆಗಳ ಬಾಗಿಲು ಮುಚ್ಚಿತ್ತು. ಆದ್ದರಿಂದ ರಜೆಗೆ ಮುನ್ನ ವಾಚ್‌ಮನ್‌ಗೆ ಒಂದು ಸಣ್ಣ ನೋಟುಪುಸ್ತಕವನ್ನೂ ಪೆನ್ಸಿಲನ್ನೂ ಕೊಟ್ಟು, ಬೆಳಿಗ್ಗೆ 8.30ಕ್ಕೆ ಓದುವ ಬಗೆಯನ್ನು ಮಕ್ಕಳಿಂದಲೇ ಹೇಳಿಸಿ.