ಮೊಬೈಲ್ ಕ್ರೋಮ್‌ನಲ್ಲಿ ಈ ಒಂದು ಸೆಟ್ಟಿಂಗ್ ಬದಲಿಸಿ

ಎಲ್ಲೋ ಒಮ್ಮೆ ಮಿಕ್ಸಿ ನೋಡಿದರೆ ಸುದ್ದಿ ಓದುವಾಗಲೂ ಅದರದೇ ಜಾಹೀರಾತು ಬರುತ್ತದಲ್ಲ, ಅದಕ್ಕೊಂದು ಮುಖ್ಯ ಕಾರಣ ಥರ್ಡ್ ಪಾರ್ಟಿ ಕುಕೀ, ಅಂದರೆ ಹೊರಗಿನವರು ನಿಮ್ಮ ಬ್ರೌಸರಿನಲ್ಲಿ ಇಡುವ ಪುಟ್ಟ ಗುರುತಿನ ಕಡತ. ಇದು ನೀವು ತೆರೆದ ಸೈಟಿನದ್ದಲ್ಲ, ಅದರೊಳಗೆ ಕೂತ ಜಾಹೀರಾತು ಕಂಪನಿಯದ್ದು. ಅದೇ ಕಂಪನಿ ಬೇರೆ ಹತ್ತಾರು ಸೈಟುಗಳಲ್ಲೂ ಇರುವುದರಿಂದ ನಿಮ್ಮ ಓಡಾಟವೆಲ್ಲ ಅದಕ್ಕೆ ಗೊತ್ತಾಗುತ್ತದೆ. ನನಗಂತೂ ಇದು ಒಪ್ಪಿಗೆಯಿಲ್ಲ.

ಆಪಲ್‌ನ ಸಫಾರಿ ಬ್ರೌಸರ್ 2020ರಿಂದಲೇ ಇವನ್ನು ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಒಂದೊಂದು ಸೈಟಿನ ಕುಕೀಯನ್ನೂ ಪ್ರತ್ಯೇಕವಾಗಿ ಇಡುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ನಾವೇ ಮಾಡಿಕೊಳ್ಳಬೇಕು: ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಥರ್ಡ್ ಪಾರ್ಟಿ ಕುಕೀಸ್, ಅಲ್ಲಿ ಬ್ಲಾಕ್ ಆರಿಸಿ. ಲಾಗಿನ್ ನೆನಪಿಡುವ ಕುಕೀ ಸಾಮಾನ್ಯವಾಗಿ ಆಯಾ ಸೈಟಿನದೇ, ಹಾಗಾಗಿ ಅದು ಉಳಿಯುತ್ತದೆ. ಯಾವುದಾದರೂ ಪುಟ ಕೈಕೊಟ್ಟರೆ ಆ ಸೈಟಿಗಷ್ಟೇ ಅನುಮತಿ ಕೊಡಿ. ಮನೆಯ ಹಿರಿಯರ ಫೋನಿನಲ್ಲೂ ದಯವಿಟ್ಟು ಮಾಡಿಕೊಡಿ.