ಶಾಲೆಗೆ ಸಾಫ್ಟ್‌ವೇರ್ ಮಾಡ್ತೀರಾ? ಮೊದಲು ಕ್ಲರ್ಕ್ ಪಕ್ಕ ಕೂತುಕೊಳ್ಳಿ

ಓದಿದ ಶಾಲೆಗೆ ಒಂದು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಸಾಫ್ಟ್‌ವೇರ್ ಮಾಡಿಕೊಡೋಣ ಎಂದು ಹೊರಡುವವರು ಈಗ ಬಹಳ ಜನ ಇದ್ದಾರೆ. ಅದು ಒಳ್ಳೆಯ ಕೆಲಸ. ಆದರೆ ಅರ್ಧದಲ್ಲೇ ನಿಂತವುಗಳನ್ನೂ ನಾನು ಸಾಕಷ್ಟು ನೋಡಿದ್ದೇನೆ. ಕೋಡ್ ಕೆಟ್ಟದಾಗಿ ನಿಂತದ್ದು ಕಡಿಮೆ, ಬಳಸುವವರ ಮಾತು ಕೇಳದೆ ನಿಂತದ್ದೇ ಜಾಸ್ತಿ.

ಹಂತ 1: ಇರುವುದನ್ನು ಎತ್ತಿಕೊಳ್ಳಿ

ಸೊನ್ನೆಯಿಂದ ಶುರು ಮಾಡಬೇಡಿ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ‘ಗಿಬ್ಬನ್’ ಎಂಬ ಶಾಲಾ ಸಾಫ್ಟ್‌ವೇರ್ ನೋಡಿ. ಹಾಂಗ್‌ಕಾಂಗ್‌ನ ಶಾಲೆಯೊಂದರಲ್ಲಿ ಶಿಕ್ಷಕರೇ ಬೆಳೆಸಿದ್ದು ಅದು. ಪೈಥಾನ್ ಕಡೆಯವರಿಗೆ ಮುಂಬೈ ಮೂಲದ ‘ಫ್ರಾಪ್ಪೆ ಎಜುಕೇಶನ್’ ಇದೆ. ಮಂಗಳೂರಿನಲ್ಲಿ ಹುಟ್ಟಿದ ‘ಫೆಡೆನಾ’ ಹೆಸರು ನೀವು ಕೇಳಿರಬಹುದು, ಕೇರಳದ ಶಾಲೆಗಳ ‘ಸಂಪೂರ್ಣ’ ಯೋಜನೆಗೆ ತಳಪಾಯವಾದದ್ದು ಅದೇ. ಆದರೆ ಅದರ ಹಳೆಯ ಉಚಿತ ಆವೃತ್ತಿಯನ್ನು ಈಗ ಹಾಕಬೇಡಿ. ಅದು ಕೇಳುವ ರೂಬಿ ಭಾಷೆಯ 1.8.7 ಆವೃತ್ತಿಗೆ ಬೆಂಬಲ ನಿಂತದ್ದೇ 2013ರಲ್ಲಿ. ಮಕ್ಕಳ ಮಾಹಿತಿಯನ್ನು ಅಂಥದ್ದರ ಕೈಗೆ ಕೊಡಬಾರದು.

ಹಂತ 2: ಕೋಡನ್ನು ಗಿಟ್‌ಹಬ್‌ಗೆ (ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ) ಹಾಕಿ, ಮೂಲದ ಲೈಸೆನ್ಸ್ ಹಾಗೇ ಇರಲಿ. ಇದು ಒಂದು ಸಂಜೆಯ ಕೆಲಸ.

ಹಂತ 3: ನೋಡಿ, ಆಮೇಲೆ ಕೇಳಿ

ಸಾಫ್ಟ್‌ವೇರ್ ಶಾಲೆಯಲ್ಲಿ ಹಾಕಿಕೊಟ್ಟ ಮೇಲೆ ಬಹುತೇಕರು ಸೋಲುವುದು ಇಲ್ಲಿ. ಗೂಗಲ್ ಫಾರ್ಮ್ ಕಳಿಸಿ ‘ನಿಮಗೆ ಏನು ಬೇಕು?’ ಎಂದು ಕೇಳುತ್ತಾರೆ. ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಮೂರು ತಿಂಗಳಾದ ಮೇಲೆ ಹೋಗಿ ನೋಡಿದರೆ ಆಫೀಸಿನಲ್ಲಿ ಮತ್ತೆ ದಪ್ಪ ರಿಜಿಸ್ಟರ್ ತೆರೆದಿರುತ್ತದೆ.

ಫಾರ್ಮ್ ಬಿಡಿ. ಮಧ್ಯಾಹ್ನ ಆಫೀಸು ಸ್ವಲ್ಪ ಖಾಲಿಯಾದಾಗ ಹೋಗಿ, ಕ್ಲರ್ಕ್ ಪಕ್ಕ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ‘ಮೇಡಂ, ಒಂದು ಟಿಸಿ ಮಾಡಿ ತೋರಿಸ್ತೀರಾ?’ ಎಂದಷ್ಟೇ ಕೇಳಿ. ಆಮೇಲೆ ಬಾಯಿ ಮುಚ್ಚಿಕೊಂಡಿರಿ. ಮೌಸ್ ನಿಮ್ಮ ಕೈಗೆ ಬರಲೇಬಾರದು. ಅವರು ಬಟನ್ ಹುಡುಕುತ್ತಿದ್ದರೆ ಹುಡುಕಲಿ, ಎಷ್ಟು ಹೊತ್ತು ಹುಡುಕಿದರು ಎಂದು ಬರೆದುಕೊಳ್ಳಿ.

ತೆರೆಯ ಜೊತೆಗೆ ಮೇಜನ್ನೂ ನೋಡಿ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇದೆಯಾ? ಹಾಗಾದರೆ ಶುಲ್ಕದ ಮೊತ್ತ ಎಲ್ಲೋ ಸರಿಯಾಗಿ ಕಾಣುತ್ತಿಲ್ಲ. ಮಾನಿಟರಿಗೆ ಚೀಟಿ ಅಂಟಿಸಿದ್ದಾರಾ? ಚೀಟಿಯಲ್ಲಿರುವುದು ತೆರೆಯ ಮೇಲೆ ಇರಬೇಕಿತ್ತು. ಹಿಂದೆ ಎಕ್ಸೆಲ್ ತೆರೆದಿದೆಯಾ? ನಿಮ್ಮ ವರದಿ ಅವರಿಗೆ ಸಾಕಾಗಿಲ್ಲ.

ಅಡ್ಡದಾರಿಗಳನ್ನು ವಿಶೇಷವಾಗಿ ಗಮನಿಸಿ. ಹೊರದೇಶದ ಸಾಫ್ಟ್‌ವೇರ್‌ಗಳಲ್ಲಿ ಕೊನೆಯ ಹೆಸರು ಸಾಮಾನ್ಯವಾಗಿ ಕಡ್ಡಾಯ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಇರುತ್ತದೆ, ಹೇಗೋ ನಡೆಯುತ್ತದೆ. ಹಳೇ ಮೈಸೂರು ಕಡೆ ಎಷ್ಟೋ ಮಕ್ಕಳಿಗೆ ಇರುವುದು ಇನಿಷಿಯಲ್ ಮಾತ್ರ. ಕ್ಲರ್ಕ್ ಅಲ್ಲಿ ಒಂದು ಚುಕ್ಕೆ ಒತ್ತಿ ಮುಂದೆ ಹೋಗುತ್ತಾರೆ. ಯಾರೂ ದೂರು ಹೇಳುವುದಿಲ್ಲ. ಟಿಸಿಯಲ್ಲಿ ಹೆಸರಿನ ಪಕ್ಕ ಆ ಚುಕ್ಕೆಯೂ ಅಚ್ಚಾಗಿ ಬರುತ್ತದೆ. ಆಧಾರ್‌ನಲ್ಲಿ ಒಂದು ಥರ, ಟಿಸಿಯಲ್ಲಿ ಒಂದು ಥರ ಹೆಸರಿದ್ದರೆ ಆ ಮಗುವಿನ ತಂದೆ ತಾಯಿ ಎಷ್ಟು ಕಚೇರಿ ಅಲೆಯಬೇಕು, ಯೋಚಿಸಿ. ನನ್ನ ಮಟ್ಟಿಗೆ ಹೆಸರಿಗೆ ಒಂದೇ ಖಾನೆ ಸಾಕು: ದಾಖಲಾತಿ ವಹಿಯಲ್ಲಿ ಇರುವಂತೆ.

ಕೇಳಿದ್ದನ್ನು ಕೇಳಿದ ಹಾಗೇ ಮಾಡಿಕೊಡಬೇಡಿ, ‘ಯಾತಕ್ಕೆ ಬೇಕು?’ ಎಂದು ವಿಚಾರಿಸಿ. ‘ಇಲ್ಲೊಂದು ಪ್ರಿಂಟ್ ಬಟನ್ ಹಾಕಿ’ ಎಂದರೆ ಅವರಿಗೆ ಬೇಕಿರುವುದು ಕಾಗದವೇ ಆಗಿರಬೇಕೆಂದಿಲ್ಲ. ಅದನ್ನು ನೋಡಿಕೊಂಡು, ಮಕ್ಕಳ ಮಾಹಿತಿ ತುಂಬುವ ಸರ್ಕಾರದ ‘ಸ್ಯಾಟ್ಸ್’ ಜಾಲತಾಣದಲ್ಲಿ ಅದೇ ಮಾಹಿತಿಯನ್ನು ಎರಡನೇ ಸಲ ಟೈಪ್ ಮಾಡುತ್ತಿರಬಹುದು. ಆಗ ಸ್ಯಾಟ್ಸ್ ಕೇಳುವ ಕ್ರಮದಲ್ಲೇ ಮಾಹಿತಿ ತೋರಿಸುವ ಒಂದು ಪುಟ ಮಾಡಿಕೊಡಿ, ಪ್ರಿಂಟ್ ಬೇಕಾಗುವುದಿಲ್ಲ.

ಹಂತ 4: ಬರೆದಿಡಿ, ಫೋಟೊ ಹಾಕಬೇಡಿ

ಒಂದು ತೊಂದರೆಗೆ ಒಂದು ಟಿಪ್ಪಣಿ. ಯಾರು ಏನು ಮಾಡಲು ಹೊರಟಿದ್ದರು, ಎಲ್ಲಿ ನಿಂತರು, ಹೇಗೆ ದಾಟಿದರು. ನಿಜವಾದ ಮಕ್ಕಳ ಹೆಸರು, ಜಾತಿ, ಆಧಾರ್ ಸಂಖ್ಯೆ ಕಾಣುವ ಸ್ಕ್ರೀನ್‌ಶಾಟ್ ಗಿಟ್‌ಹಬ್‌ಗೆ ಹೋಗಲೇಬಾರದು. ಅಲ್ಲಿ ಸಾರ್ವಜನಿಕವಾಗಿ ಹಾಕಿದ್ದನ್ನು ಲೋಕವೆಲ್ಲ ನೋಡುತ್ತದೆ. ಸುಳ್ಳು ಹೆಸರುಗಳ ಒಂದು ಮಾದರಿ ತರಗತಿ ಮಾಡಿಟ್ಟುಕೊಳ್ಳಿ. 2023ರ ಡೇಟಾ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ನಿಮ್ಮ ಹೈಸ್ಕೂಲಿನ ಪ್ರತಿಯೊಂದು ದಾಖಲೆಗೂ ಆ ಎಚ್ಚರ ಬೇಕು.

ಹಳೆ ಪಟ್ಟಿಗಳು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದರೆ ಈಗ ಎಲ್ಲೆಡೆ ಬಳಸುವ ಯುನಿಕೋಡ್‌ ಅಕ್ಷರಗಳಿಗೆ ಬದಲಿಸಬೇಕು. ಇಂಟರ್‌ನೆಟ್‌ನಲ್ಲಿ ಸಿಗುವ ಕನ್ವರ್ಟರ್‌ಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಒಂದೊಂದಾಗಿ ತರಗತಿ ಶಿಕ್ಷಕರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಮಗುವಿನ ಹೆಸರು ತಪ್ಪಾದರೆ ಬೇರೆ ಏನು ಸರಿಯಿದ್ದರೂ ಪ್ರಯೋಜನವಿಲ್ಲ.

ಹಂತ 5: ಯಾರ ಮಾತು ಮೊದಲು?

ಹೆಡ್‌ಮಾಸ್ಟರಿಗೆ ಬಣ್ಣದ ಗ್ರಾಫ್ ಬೇಕು, ಶಿಕ್ಷಕರಿಗೆ ಬೆಳಿಗ್ಗೆ ಮತ್ತು ಮಧ್ಯಾಹ್ನದ ಹಾಜರಿ ಬೇಗ ಮುಗಿಯಬೇಕು. ಶಿಕ್ಷಕರದ್ದೇ ಮೊದಲು. ಎಲ್ಲರೂ ಹಾಜರ್ ಎಂದು ಮೊದಲೇ ಗುರುತಾಗಿರಲಿ, ಬಾರದವರನ್ನು ಮಾತ್ರ ಒತ್ತುವಂತಿರಲಿ. ಹಾಜರಿ ಸರಿಯಾಗಿ ಬೀಳದಿದ್ದರೆ ಆ ಗ್ರಾಫ್‌ನಲ್ಲಿ ಏನು ಬರುತ್ತದೆ ಹೇಳಿ?

ಹಂತ 6: ಹೊಸದನ್ನು ಒಂದು ತರಗತಿಗೆ ಕೊಟ್ಟು ನೋಡಿ. ಜೂನ್ ದಾಖಲಾತಿ ಮತ್ತು ಮಾರ್ಚ್ ಪರೀಕ್ಷೆ ಹೊತ್ತಿನಲ್ಲಿ ಏನನ್ನೂ ಬದಲಿಸಬೇಡಿ, ಬಟನ್ನಿನ ಬಣ್ಣವನ್ನೂ ಸಹ. ಏನು ಬದಲಾಯಿತು ಎಂದು ಕನ್ನಡದಲ್ಲಿ ಎರಡು ಸಾಲು ಬರೆದು ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ. ‘ಮೇಡಂ, ಅವತ್ತು ನೀವು ತೋರಿಸಿದ್ದು ಸರಿಯಾಗಿದೆ’ ಎಂದು ಆ ಕ್ಲರ್ಕ್‌ಗೆ ಹೋಗಿ ಹೇಳಿ. ಮುಂದಿನ ತೊಂದರೆಯನ್ನು ಅವರೇ ಕರೆದು ತೋರಿಸುತ್ತಾರೆ.

ಹಂತ 7: ಮೂಲಕ್ಕೆ ಕಳಿಸಿ

ನಿಮ್ಮ ತಿದ್ದುಪಡಿಯನ್ನು ಮೂಲ ಯೋಜನೆಗೂ ಕಳಿಸಿ. ಇಲ್ಲದಿದ್ದರೆ ಪ್ರತಿ ಹೊಸ ಆವೃತ್ತಿ ಬಂದಾಗಲೂ ಅದೇ ಕೆಲಸ ಮತ್ತೆ ಮಾಡುತ್ತಿರಬೇಕು. ಕಳಿಸುವಾಗ ಕಾರಣವನ್ನು ಬಿಡಿಸಿ ಬರೆಯಿರಿ. ಕೊನೆಯ ಹೆಸರೇ ಇಲ್ಲದ ಮಕ್ಕಳಿರುತ್ತಾರೆ ಎಂಬುದು ದೂರದ ಊರಿನ ಪ್ರೋಗ್ರಾಮರ್‌ಗೆ ಗೊತ್ತಿರುವುದಿಲ್ಲ. ಮಾದರಿ ತರಗತಿಯಿಂದ ಒಂದೆರಡು ಉದಾಹರಣೆಗಳನ್ನೂ ಜೊತೆಗೆ ಸೇರಿಸಿ.